ಚಿಮಣಿ ಪಾಸು, ಯಮನೂರಪ್ಪ ಫೇಲು

ನನ್ನ ಹೆಸರು ಮುದುಕಪ್ಪ. ತೊಟ್ಟಿಲಲ್ಲಿದ್ದಾಗಲೂ ಇದೇ ಹೆಸರು, ಹಾಗಾಗಿ ವಯಸ್ಸಾದದ್ದು ನನಗೆ ಗೊತ್ತೇ ಆಗಲಿಲ್ಲ. ಗಿಣಿಗೇರಿ ದಾಟಿದ ಮೇಲೆ ಕಬ್ಬಿಣದ ಫ್ಯಾಕ್ಟರಿಯೊಂದರ ಗೇಟಿನ ಎದುರು ನನ್ನ ಚಹಾದಂಗಡಿ ಇದೆ. ಇಲ್ಲಿ ಚಹಾದ ಮೇಲೆ ಕೆನೆ ಕಟ್ಟುವ ಮೊದಲೇ ಕರಿಪುಡಿ ಕಟ್ಟುತ್ತದೆ. ಹೊಸ ಗಿರಾಕಿಗಳು ಏಲಕ್ಕಿ ಎಂದು ತಿಳಿದು ಕುಡಿಯುತ್ತಾರೆ. ನಾನು ತಿದ್ದುವುದಿಲ್ಲ. ಅಂಗಡಿ ನಡೆಯಬೇಕಲ್ಲ.

ಈ ಅಂಗಡಿಯ ಬೆಂಚಿನ ಮೇಲೆ ಕೂತು ಎದ್ದವರಲ್ಲಿ ಯಮನೂರಪ್ಪನಷ್ಟು ಸತ್ಯವಂತನನ್ನು ನಾನು ನೋಡಿಲ್ಲ. ಅವನಷ್ಟು ಸುಳ್ಳುಗಾರನೆಂದು ಹೆಸರು ಹೊತ್ತವನನ್ನೂ ನೋಡಿಲ್ಲ. ಅವನು ಕುಕನೂರಿನ ಕಡೆಯವನು. ಐಟಿಐ ಓದಿದ. ಕೊಪ್ಪಳ ಜಿಲ್ಲೆಯಾದ ವರ್ಷ, ಅಂದರೆ ತೊಂಬತ್ತೇಳರಲ್ಲಿ, ಯಲಬುರ್ಗಾದ ಕಳಕಮ್ಮನನ್ನು ಮದುವೆಯಾದ. ಎಲ್ಲರೂ ಜಿಲ್ಲೆಯಾದ ಸಂಭ್ರಮ ನೋಡಲು ಹೋದರು, ತನ್ನ ಮದುವೆಯ ಅಕ್ಕಿಕಾಳಿಗೆ ಜನವೇ ಬರಲಿಲ್ಲ ಎಂದು ಸರ್ಕಾರದ ಮೇಲೆ ಅವನಿಗೆ ಇವತ್ತಿಗೂ ಸಿಟ್ಟಿದೆ. ಮುಂದೆ ಈ ಫ್ಯಾಕ್ಟರಿಯಲ್ಲಿ ಮೀಟರುಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿ, ಫ್ಯಾಕ್ಟರಿಯ ಬೆನ್ನಿಗಿರುವ ಊರಿನಲ್ಲೇ ಮನೆ ಮಾಡಿದ. ಮುಳ್ಳು ತೋರಿಸಿದ್ದು, ಅಂಕಿ ಹೇಳಿದ್ದು ಅವನಿಗೆ ವೇದ. ಹೆಂಡತಿ ಜ್ವರದಿಂದ ನಡುಗುತ್ತಿದ್ದರೂ ಥರ್ಮಾಮೀಟರು ಒಪ್ಪುವವರೆಗೆ ಅವನು ಒಪ್ಪುವ ಮನುಷ್ಯನಲ್ಲ.

ಅವನಿಗಿದ್ದ ಚಟ ಒಂದೇ, ಬೀಡಿ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಅಂಜಲಿ ಹುಟ್ಟಿದಳು. ಅಷ್ಟು ಕಾದು ಪಡೆದ ಕೂಸು. ತೊಟ್ಟಿಲಿಗೆ ಹಾಕಿದ ದಿನ ಕಳಕಮ್ಮ ಗಂಡನ ಕೈ ಹಿಡಿದು ಕೂಸಿನ ತಲೆಯ ಮೇಲೆ ಇಟ್ಟಳು.

"ಆಣಿ ಮಾಡ್ರಿ. ಇನ್ನ ಮ್ಯಾಲ ಬೀಡಿ ಮುಟ್ಟೂದಿಲ್ಲ ಅನ್ರಿ."

ಅವನು ಅಂದ. ಬೀಡಿಕಟ್ಟನ್ನು ನನ್ನ ಅಂಗಡಿಯ ಒಲೆಗೇ ತಂದು ಹಾಕಿದ. ಅವತ್ತಿನ ಚಹಾ ಕುಡಿದವರೆಲ್ಲ ಕೆಮ್ಮಿದರು, ಹಾಗಾಗಿ ಸಾಕ್ಷಿಗೆ ಬರವಿಲ್ಲ. ಅಲ್ಲಿಂದ ಅವನು ಬೀಡಿ ಮುಟ್ಟಿಲ್ಲ. ನನಗೆ ಗೊತ್ತು. ಗೇಟಿನ ಎದುರು ಕೂತವನಿಗೆ ಯಾರು ಎಲ್ಲಿ ಸೇದುತ್ತಾರೆಂದು ಪೊಲೀಸರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಆದರೆ ನಂಬಬೇಕಾದವಳು ಕಳಕಮ್ಮ. ದಿನಾ ಸಂಜೆ ಅವನು ಮನೆಗೆ ಬಂದ ಕೂಡಲೇ ಅಂಗಿ ಹಿಡಿದು ಮೂಸುತ್ತಿದ್ದಳು. ಕಬ್ಬಿಣದ ಫ್ಯಾಕ್ಟರಿಯಿಂದ ಬಂದವನ ಅಂಗಿಯಿಂದ ಮಲ್ಲಿಗೆಯ ವಾಸನೆ ಬರುತ್ತದೆಯೇ? ಹೊಗೆಯ ವಾಸನೆಯೇ ಬರುತ್ತಿತ್ತು. ಆಕೆ ಜಗಳ ಆಡುತ್ತಿರಲಿಲ್ಲ, ಸುಮ್ಮನೆ ಅಂಗಿಯನ್ನು ಬಕೆಟ್ಟಿಗೆ ಹಾಕುತ್ತಿದ್ದಳು. ಆ ಸುಮ್ಮನಿರುವಿಕೆ ಅವನನ್ನು ತಿನ್ನುತ್ತಿತ್ತು. ಅಂಜಲಿ ಸಾಲೆಗೆ ಹೋಗುವ ಹೊತ್ತಿಗೆ ಆ ಕೂಸಿಗೆ ಕೆಮ್ಮು ಶುರುವಾಯಿತು. ಔಷಧ ಕುಡಿದರೆ ನಾಲ್ಕು ದಿನ ನಿಲ್ಲುವುದು, ಮತ್ತೆ ಬರುವುದು. ಒಂದು ದಿನ ಕಳಕಮ್ಮ ನನ್ನ ಹೆಂಡತಿ ಕಸ್ತೂರೆಮ್ಮನ ಮುಂದೆ ಕೂತು ಅತ್ತುಬಿಟ್ಟಳು.

"ಬೀಡಿ ಸೇದಲಿ ಬಿಡಲಿ ಯಕ್ಕಾ, ನನಗ ಅದರ ಚಿಂತಿಲ್ಲ. ಕೂಸಿನ ತಲಿ ಮುಟ್ಟಿ ಆಣಿ ಮಾಡ್ಯಾರ. ಅದನ್ನ ಮುರದಾರ, ಅದಕ್ಕ ಕೂಸಿಗೆ ತಟ್ಟೇತಿ. ಖರೇ ಒಪ್ಪಿಕೊಂಡರ ಗುಡಿಗೆ ಹೋಗಿ ತಪ್ಪಗಾಣಿಕಿ ಹಾಕಿ ಬರತಿದ್ವಿ. ಒಪ್ಪಂಗಿಲ್ಲ."

ಸೇದದವನು ಏನನ್ನು ಒಪ್ಪಬೇಕು? ಯಮನೂರಪ್ಪ ನನ್ನ ಬೆಂಚಿನ ಮೇಲೆ ಕೂತು ಇದನ್ನೇ ಕೇಳುತ್ತಿದ್ದ. ಆಕೆಯ ಬಾಯಿಂದ ಒಂದೇ ಒಂದು ಸಲ 'ನೀವು ಬಿಟ್ಟೀರಿ' ಎಂಬ ಮಾತು ಬರಬೇಕು, ಅಷ್ಟೇ ಅವನ ಆಸೆ.

ಅಂಥದ್ದರಲ್ಲಿ ಫ್ಯಾಕ್ಟರಿಗೆ ಯಂತ್ರ ಬಂತು. ಎರಡು ಸಾವಿರದ ಹದಿನೈದನೇ ಇಸವಿ. ಚಿಮಣಿಯ ಹೊಗೆಯಲ್ಲಿ ಯಾವ ಗ್ಯಾಸು ಎಷ್ಟಿದೆ ಎಂದು ಆಗಿಂದಾಗಲೇ ಅಳೆದು, ಆ ಅಂಕಿಯನ್ನು ದೂರದ ಕಚೇರಿಗೆ ತಾನೇ ಕಳಿಸುವ ಯಂತ್ರ. ಯಮನೂರಪ್ಪನೇ ಅದರ ಪೂಜಾರಿ. ಅವನು ನನಗೆ ತಿಳಿಸಿದ್ದು ಹೀಗೆ: ಚಿಮಣಿಯ ಹೊಟ್ಟೆಯಿಂದ ಸಣ್ಣ ಕೊಳವೆಯೊಂದು ಹೊಗೆಯನ್ನು ಎಳೆದು ತರುತ್ತದೆ. ಅದನ್ನು ಸೋಸಿ, ಒಣಗಿಸಿ, ಒಂದು ನಳಿಗೆಯೊಳಗೆ ಬಿಡುತ್ತಾರೆ. ನಳಿಗೆಯೊಳಗೆ ಕಣ್ಣಿಗೆ ಕಾಣದ ಬೆಳಕು ಹಾಯುತ್ತದೆ, ಇನ್‌ಫ್ರಾರೆಡ್ ಅಂತಾರೆ. ಒಂದೊಂದು ಗ್ಯಾಸೂ ಆ ಬೆಳಕಿನಲ್ಲಿ ತನ್ನ ಪಾಲಿನದನ್ನು ಮಾತ್ರ ಉಣ್ಣುತ್ತದೆ. ಆಚೆ ತುದಿಗೆ ಎಷ್ಟು ಬೆಳಕು ಉಳಿದು ಬಂತು ಎಂದು ನೋಡಿದರೆ ಯಾರು ಎಷ್ಟು ಉಂಡರೆಂದು ತಿಳಿಯುತ್ತದೆ. ಬುಟ್ಟಿಯಲ್ಲಿ ಉಳಿದ ರೊಟ್ಟಿ ನೋಡಿ ಯಾರು ಬಂದುಹೋದರೆಂದು ಕಸ್ತೂರೆಮ್ಮ ಹೇಳುತ್ತಾಳಲ್ಲ, ಹಾಗೆ. ಯಂತ್ರ ಎರಡು ಅಂಕಿ ತೋರಿಸುತ್ತಿತ್ತು. ಒಂದು ಕಾರ್ಬನ್ ಡೈಆಕ್ಸೈಡ್, ನಾವೆಲ್ಲ ಉಸಿರು ಬಿಟ್ಟಾಗ ಹೊರಬರುವುದು. ಇನ್ನೊಂದು ಕಾರ್ಬನ್ ಮೊನಾಕ್ಸೈಡ್, ವಾಸನೆಯೇ ಇಲ್ಲದ ವಿಷ.

ಯಂತ್ರಕ್ಕೆ ಒಂದು ಕೋಣೆ, ಕೋಣೆಗೆ ಹಗಲುರಾತ್ರಿ ಏಸಿ. ಮ್ಯಾನೇಜರನ ಏಸಿ ಕೆಟ್ಟರೆ ಆತ ಬೆವರುತ್ತ ಕೂರಬೇಕು, ಯಂತ್ರದ ಏಸಿ ಕೆಟ್ಟರೆ ಹುಬ್ಬಳ್ಳಿಯಿಂದ ಜನ ಬರುತ್ತಾರೆ. ಯಮನೂರಪ್ಪ ದಿನವಿಡೀ ಆ ತಂಪಿನಲ್ಲಿ ಕೂತು ಸೋಸಿದ ಗಾಳಿ ಕುಡಿದು ಮದುಮಗನ ಹಾಗಾದ.

ಒಂದು ದಿನ ಸಂಜೆ ಕೆಲಸ ಮುಗಿಯುವ ಹೊತ್ತಿಗೆ ಕೊಳವೆಯಲ್ಲಿ ನೀರು ನಿಂತಿತು. ಅವನ ಮೇಲಿನವನು ವಿರೂಪಾಕ್ಷಪ್ಪ, ಯಲಬುರ್ಗಾದವನು, ಕಳಕಮ್ಮ ಕಾಕಾ ಎಂದು ಕರೆಯುವ ಹಿರಿಯ. ಆಗಷ್ಟೇ ನನ್ನ ಅಂಗಡಿಯಲ್ಲಿ ಸಿಗರೇಟು ಮುಗಿಸಿ ಹೋಗಿದ್ದ. ಕೊಳವೆಗೆ ಬಾಯಿಟ್ಟು ಉಫ್ ಎಂದು ಊದಿದ. ಮೊನಾಕ್ಸೈಡಿನ ಅಂಕಿ ಮೂವತ್ತಕ್ಕೆ ಏರಿತು. ಯಮನೂರಪ್ಪ ಅದನ್ನೇ ನೋಡುತ್ತ ನಿಂತ. ಆಮೇಲೆ ತಾನೂ ಊದಿದ. ಮೂರು. ವಿರೂಪಾಕ್ಷಪ್ಪ ಮತ್ತೆ ಊದಿದ, ಮೂವತ್ತು. ಇವನು ಮತ್ತೆ, ಮೂರು. ಸೇದುವವನ ಉಸಿರಿನಲ್ಲಿ ಆ ವಿಷ ಗಂಟೆಗಟ್ಟಲೆ ನಿಂತಿರುತ್ತದೆ ಎಂದು ವಿರೂಪಾಕ್ಷಪ್ಪ ಹೇಳಿದ್ದೇ ತಡ, ಯಮನೂರಪ್ಪ ಗೇಟು ದಾಟಿ ಓಡುತ್ತ ಬಂದು ನನ್ನನ್ನು ತಬ್ಬಿಕೊಂಡ. ನನ್ನ ಕೈಯಲ್ಲಿ ಕುದಿಯುವ ಚಹಾ ಇತ್ತು.

"ಅಣ್ಣಾ, ಸಾಕ್ಷಿ ಸಿಕ್ಕಿತು! ಯಂತ್ರ ಸುಳ್ಳು ಹೇಳಂಗಿಲ್ಲ!"

ಕಳಕಮ್ಮ ಒಪ್ಪಲಿಲ್ಲ. ನಿಮ್ಮ ಯಂತ್ರ, ನಿಮ್ಮ ಬಾಯಿ, ನಾ ನೋಡಿಲ್ಲ ಅಂದಳು. ಹೊರಗಿನವರನ್ನು ಗೇಟಿನೊಳಗೆ ಬಿಡುವುದಿಲ್ಲ. ಕೊನೆಗೆ ಯುಕ್ತಿ ಹೇಳಿದವಳು ಕಸ್ತೂರೆಮ್ಮ: ಗಂಡ ಮನೆಯಲ್ಲಿ ಹೆಂಡತಿಯ ಕಣ್ಣೆದುರೇ ಬಲೂನು ಊದಬೇಕು. ಗಂಟನ್ನು ಕಳಕಮ್ಮನೇ ತನ್ನ ಸೀರೆಯ ದಾರದಿಂದ ಕಟ್ಟಬೇಕು. ಬಲೂನು ನೇರವಾಗಿ ವಿರೂಪಾಕ್ಷಪ್ಪನ ಕೈಗೆ ಹೋಗಬೇಕು. ನಡುವೆ ಗಂಡನ ನೆರಳೂ ಬೀಳಬಾರದು.

ಮರುದಿನ ಬೆಳಗ್ಗೆ ಬಿಸಿರೊಟ್ಟಿ ತಿಂದು ಯಮನೂರಪ್ಪ ಕೆಂಪು ಬಲೂನು ಊದಿದ. ವಿರೂಪಾಕ್ಷಪ್ಪ ಅದನ್ನು ಒಯ್ದು ಯಂತ್ರಕ್ಕೆ ಹಚ್ಚಿದ. ಮಧ್ಯಾಹ್ನ ಹೊರಬಂದವನ ಮುಖ ನೋಡಿಯೇ ನನಗೆ ತಿಳಿಯಿತು. ಅಂಕಿ ಹತ್ತೊಂಬತ್ತು.

"ಸುಳ್ಳು ಹೇಳಾಕ ಬರಂಗಿಲ್ಲ ಕಳಕವ್ವಾ," ಅಂದ ವಿರೂಪಾಕ್ಷಪ್ಪ. "ಸೇದೂವರ ಅಂಕಿನ ಬಂದೈತಿ."

ಯಂತ್ರ ಸುಳ್ಳು ಹೇಳಂಗಿಲ್ಲ ಎಂದು ಊರಿಗೆಲ್ಲ ಸಾರಿದವನು ಯಮನೂರಪ್ಪನೇ. ಈಗ ಯಾವ ಬಾಯಲ್ಲಿ ಇಲ್ಲ ಅನ್ನಬೇಕು? ತಾನು ನಿದ್ದೆಗಣ್ಣಿನಲ್ಲಿ ಎದ್ದು ಹೋಗಿ ಸೇದುತ್ತಿರಬಹುದೇ ಎಂದು ಗಂಭೀರವಾಗಿ ನನ್ನನ್ನು ಕೇಳಿದ. ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಮಲಗಲು ಶುರುಮಾಡಿದ. ಗೆಜ್ಜೆ ಸಪ್ಪಳವಾಗಲಿಲ್ಲ, ಬೆಳಗ್ಗೆ ಮತ್ತೆ ಬಲೂನು ಊದಿದರೆ ಅಂಕಿಯೂ ಇಳಿಯಲಿಲ್ಲ.

ಇಷ್ಟರಲ್ಲಿ ಸುದ್ದಿ ಊರಲ್ಲಿ ಹಬ್ಬಿತು. ಗಂಡನ ಬಾಯಿ ಮೂಸಿ ಬೇಸತ್ತ ಹೆಂಗಸರು ಎಷ್ಟಿದ್ದಾರೆಂದು ನನಗೆ ಅಂದು ತಿಳಿಯಿತು. ಬೆಳಗಾದರೆ ನನ್ನ ಅಂಗಡಿಯ ಚಪ್ಪರಕ್ಕೆ ಬಲೂನುಗಳು ತೂಗಾಡತೊಡಗಿದವು. ಕೆಂಪು, ಹಸಿರು, ಹಳದಿ. ಒಂದೊಂದಕ್ಕೂ ಒಂದೊಂದು ಸೀರೆಯ ದಾರ. ದಾರಿಹೋಕರು ಯಾರ ಹುಟ್ಟುಹಬ್ಬ ಎಂದು ಕೇಳುತ್ತಿದ್ದರು. ಅದು ಊರ ಗಂಡಸರ ಉಸಿರು ಎಂದು ಹೇಗೆ ಹೇಳುವುದು? ವಿರೂಪಾಕ್ಷಪ್ಪನಿಗೆ ನ್ಯಾಯಾಧೀಶನ ಗತ್ತು ಬಂದಿತ್ತು. ಊಟದ ಹೊತ್ತಿನಲ್ಲಿ ಚಿಮಣಿಯ ಕೊಳವೆ ಬಿಚ್ಚಿ ಬಲೂನು ಹಚ್ಚುವುದು, ಹೊರಗೆ ಬಂದು ತೀರ್ಪು ಹೇಳುವುದು.

ಒಬ್ಬನೂ ಪಾಸಾಗಲಿಲ್ಲ. ಕಾಳಪ್ಪ ಅಂತ ಒಬ್ಬರಿದ್ದಾರೆ, ಚಹಾವನ್ನೂ ಮುಟ್ಟದ ಆಚಾರವಂತರು, ನನ್ನ ಅಂಗಡಿಯ ಮುಂದೆ ಹಾಯುವಾಗ ಮೂಗು ಮುಚ್ಚಿಕೊಳ್ಳುವವರು. ಅವರಿಗೆ ಇಪ್ಪತ್ತೊಂದು ಬಂತು. ಮನೆಯಲ್ಲಿ ಹೆಂಡತಿ ಬೈಯಲು ಶುರುಮಾಡಿದಳು. ಎಂಟು ದಿನ ಬೈಸಿಕೊಂಡ ಮೇಲೆ ಕಾಳಪ್ಪ ನೇರವಾಗಿ ನನ್ನ ಬೆಂಚಿಗೆ ಬಂದು ಬೀಡಿ ಕೇಳಿದರು. "ಬೈಗುಳ ಪೂರಾ ತಿಂದಾತು, ಇನ್ನ ಸೇದದ ಇದ್ದರ ಲುಕ್ಸಾನು ನಂದ" ಅಂದರು. ಐವತ್ತೆಂಟನೇ ವಯಸ್ಸಿಗೆ ಬೀಡಿ ಹಚ್ಚಿಕೊಂಡ ಮೊದಲ ಮನುಷ್ಯ ಇರಬೇಕು. ಲಾರಿ ಓಡಿಸುವ ಜಿಲಾನಸಾಬ ಜಾಣ. ಅವನು ಪಂಕ್ಚರ್ ಅಂಗಡಿಯ ಪಂಪಿನಿಂದ ಗಾಳಿ ತುಂಬಿಸಿ ಬಲೂನು ಬದಲಿಸಿದ. ಮೊನಾಕ್ಸೈಡು ಸೊನ್ನೆ ಬಂತು, ಜೊತೆಗೆ ಡೈಆಕ್ಸೈಡೂ ಸೊನ್ನೆಗೆ ಕೂತಿತು. ವಿರೂಪಾಕ್ಷಪ್ಪ ಹೊರಗೆ ಬಂದು ಅವನ ಹೆಂಡತಿಗೆ ಹೇಳಿದ:

"ನಿನ್ನ ಗಂಡ ಬೀಡಿ ಸೇದೂದಿಲ್ಲವಾ. ಯಂತ್ರದ ಪರಕಾರ ಆತ ಉಸರಾಡೂದೂ ಇಲ್ಲ."

ಆ ಹೆಣ್ಣುಮಗಳು ಹಾಡಿ ಅಳುವುದಕ್ಕೆ ಶುರುಮಾಡಿದಳು. ಜಿಲಾನಸಾಬ ಎದುರಿಗೇ ನಿಂತು, ನಾನಿಲ್ಲೇ ಅದೀನಿ ನೋಡ ಎಂದರೂ ಕೇಳಲೊಲ್ಲಳು.

ದೂರದ ಕಚೇರಿಯವರಿಗೆ ಇದೇನೂ ಗೊತ್ತಿಲ್ಲವಲ್ಲ. ಅವರಿಗೆ ಕಾಣುತ್ತಿದ್ದುದು ಇಷ್ಟೇ: ದಿನಾ ಊಟದ ಹೊತ್ತಿಗೆ ಚಿಮಣಿಯ ಡೈಆಕ್ಸೈಡು ಧೊಪ್ಪೆಂದು ಇಳಿದು ಮನುಷ್ಯರ ಉಸಿರಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಫೋನು ಬಂತು. ನಿಮ್ಮ ಚಿಮಣಿಗೆ ಮಧ್ಯಾಹ್ನ ಏನಾಗುತ್ತದೆ ಎಂದು ಕೇಳಿದರಂತೆ. ಫೋನು ಎತ್ತಿದವನು ಗಾಬರಿಯಲ್ಲಿ "ಊಟಕ್ಕ ಹೋಗಿರತೈತ್ರಿ" ಅಂದುಬಿಟ್ಟ. ಮ್ಯಾನೇಜರು ಕೋಣೆಗೆ ಹೋಗಿ ನೋಡಿದರೆ ಚಿಮಣಿಯ ಜಾಗದಲ್ಲಿ ಹಸಿರು ಬಲೂನು. ಶನಿವಾರದಿಂದ ಬಲೂನು ಬಂದ್ ಎಂದು ಹುಕುಂ ಆಯಿತು.

ಆ ಶನಿವಾರದ ಹಿಂದಿನ ದಿನವೇ ಕಳಕಮ್ಮ ಪಂಚಮಿಗೆ ತವರಿಗೆ ಹೊರಡುವವಳಿದ್ದಳು. ಪಂಚಮಿಗೆ ಎಲ್ಲ ಹೆಣ್ಣುಮಕ್ಕಳೂ ಹೋಗುತ್ತಾರೆ, ಉಂಡಿ ತಿಂದು, ಜೋಕಾಲಿ ಆಡಿ ಬರುತ್ತಾರೆ. ಕಳಕಮ್ಮ ಈ ಸಲ ಹಾಗೆ ಹೋಗುವವಳಲ್ಲ. "ಖರೇ ಒಪ್ಪಿಕೊಳ್ಳೂತನಕ ನಾ ಬರೂದಿಲ್ಲ, ಕೂಸೂ ಬರೂದಿಲ್ಲ. ಸುಳ್ಳಾಣಿ ಮಾಡಿದ ಮನ್ಯಾಗ ಅದನ್ನ ಇಡೂದಿಲ್ಲ" ಎಂದು ಗಂಡನಿಗೆ ಹೇಳಿಬಿಟ್ಟಿದ್ದಳು. ಟ್ರಂಕು ಕಟ್ಟಿಯೂ ಆಗಿತ್ತು.

ಯಮನೂರಪ್ಪ ನನ್ನ ಬೆಂಚಿನ ಮೇಲೆ ತಲೆ ಹಿಡಿದು ಕೂತ. ಸುಳ್ಳೇ ಒಪ್ಪಿಕೊಂಡುಬಿಡು ತಮ್ಮಾ, ಹೆಂಡತಿ ಮಗಳಾದರೂ ಉಳಿಯುತ್ತಾರೆ ಅಂದೆ. ಅವನು ತಲೆ ಅಲ್ಲಾಡಿಸಿದ.

"ಕೂಸಿನ ತಲಿ ಮುಟ್ಟಿ ಮಾಡಿದ ಆಣಿ ಅಣ್ಣಾ. ಮುರದಿಲ್ಲ. ಮುರದೀನಿ ಅಂತ ಹ್ಯಾಂಗ ಹೇಳಲಿ?"

ಆಮೇಲೆ ಏನೋ ಹೊಳೆದು ಎದ್ದ. ಅವನ ಕೆಲಸದಲ್ಲಿ ಒಂದು ಪದ್ಧತಿ ಇದೆ. ಯಂತ್ರದ ಮೇಲೆ ಅನುಮಾನ ಬಂದರೆ ಮೊದಲು ಅದಕ್ಕೆ ಏನೂ ಇಲ್ಲದ ಶುದ್ಧ ಗ್ಯಾಸು ಕುಡಿಸಬೇಕು. ಆಗ ಸೊನ್ನೆ ತೋರಿಸಿದರೆ ಮಾತ್ರ ಮಿಕ್ಕ ಅಂಕಿಯನ್ನು ನಂಬಬೇಕು. ಊರ ಉಸಿರಿಗೆಲ್ಲ ಅಂಕಿ ಕೊಟ್ಟರಲ್ಲ, ಎಂದೂ ಸೇದದ ಒಂದು ಉಸಿರನ್ನು ಯಾರಾದರೂ ಅದಕ್ಕೆ ತೋರಿಸಿದ್ದಾರೆಯೇ? ಅಂಥ ಉಸಿರು ಅವನಿಗೆ ಗೊತ್ತಿದ್ದದ್ದು ಒಂದೇ.

ಶುಕ್ರವಾರ ಬೆಳಗ್ಗೆ ದಾರಿಗೆಂದು ಒಂದು ಗಂಟು ರೊಟ್ಟಿ ಮಾಡಿ ಮುಗಿಸಿ ಕಳಕಮ್ಮ ಬಲೂನು ಊದಿದಳು. ಹೆಮ್ಮೆಯಿಂದಲೇ ಊದಿದಳು. "ಸೇದದವರ ಉಸುರು ಹೆಂಗ ಇರತೈತಿ ಅಂತ ಜರಾ ನೋಡಲಿ" ಅಂದಳು. ಅಪ್ಪ ಅವ್ವ ಇಬ್ಬರೂ ಊದಿದ್ದಾರೆ, ನನಗೂ ಒಂದು ಪುಗ್ಗಾ ಬೇಕು ಎಂದು ಅಂಜಲಿ ಹಟ ಮಾಡಿತು. ಅದಕ್ಕೂ ಒಂದು ಊದಲು ಕೊಟ್ಟರು. ಎರಡೂ ಬಲೂನು ವಿರೂಪಾಕ್ಷಪ್ಪನ ಜೊತೆ ಒಳಗೆ ಹೋದವು. ತಾಯಿ ಮಗಳು ನನ್ನ ಅಂಗಡಿಯಲ್ಲಿ ಟ್ರಂಕು ಇಟ್ಟುಕೊಂಡು ಕೊಪ್ಪಳದ ಬಸ್ಸಿಗೆ ಕಾದು ಕೂತರು. ಯಮನೂರಪ್ಪ ದೂರದಲ್ಲಿ ನಿಂತಿದ್ದ. ಜಡಿಮಳೆ. ಕೂಸು ಕೆಮ್ಮುತ್ತಿತ್ತು.

ವಿರೂಪಾಕ್ಷಪ್ಪ ಹೊರಗೆ ಬಂದ. ಆವತ್ತು ಅವನ ನಡಿಗೆಯಲ್ಲಿ ಗತ್ತು ಇರಲಿಲ್ಲ.

"ಎಷ್ಟ್ರಿ ಕಾಕಾ?" ಅಂದಳು ಕಳಕಮ್ಮ.

"ಅದೆಲ್ಲಾ ಇರಲಿ ಬಿಡವಾ. ಬಸ್ಸು ಬರತೈತಿ, ನೀ ಹೋಗಿ ಬಾ."

"ಹೇಳ್ರಿ."

"ಮೂವತ್ಮೂರು."

ಮೊದಲು ನಕ್ಕವರು ಕಾಳಪ್ಪ. ಬಾಯಲ್ಲಿದ್ದ ಬೀಡಿ ಕೆಳಗೆ ಬೀಳುವ ಹಾಗೆ ನಕ್ಕರು. ಬೆಂಚಿನ ಮೇಲಿದ್ದ ಗಂಡಸರೆಲ್ಲ ನಕ್ಕರು. ಎಷ್ಟು ವಾರದ ಸಿಟ್ಟು! ಕಳಕಮ್ಮ ಕದ್ದು ಸೇದುತ್ತಾಳಂತೆ, ಗಂಡನಿಗಿಂತ ಮುಂದೆ ಹೋಗಿದ್ದಾಳಂತೆ, ವಿರೂಪಾಕ್ಷಪ್ಪನನ್ನೂ ಹಿಂದೆ ಹಾಕಿದಳಂತೆ. ಕಳಕಮ್ಮನ ಮುಖ ಕೆಂಪಾಯಿತು.

"ನಾ? ನಾ ಬೀಡಿ ಸೇದತೀನಿ? ಒಲಿ ಮುಂದ ರೊಟ್ಟಿ ಬಡಿಯೂದ ಬಿಟ್ಟು ನನಗ ಬ್ಯಾರೆ ಏನ್ ಗೊತ್ತೈತ್ರೀ?"

ವಿರೂಪಾಕ್ಷಪ್ಪ ನೆಲ ನೋಡುತ್ತ ಉಳಿದದ್ದನ್ನೂ ಹೇಳಿದ. "ಕೂಸಿಂದು ಇಪ್ಪತ್ನಾಕು."

ನಗು ನಿಂತಿತು. ಸಾಲೆಯ ಒಂದನೇ ಇಯತ್ತೆಯ ಕೂಸು ಬೀಡಿ ಸೇದುತ್ತದೆ ಎಂದು ಯಾವ ಬಾಯಿಂದ ನಗುವುದು? ಎಲ್ಲರೂ ಯಮನೂರಪ್ಪನ ಕಡೆ ನೋಡಿದರು. ಅವನು ನಿಂತಲ್ಲೇ ಬಿಳಿಚಿಕೊಂಡಿದ್ದ. ಕಳಕಮ್ಮ ಆಡಿದ ಒಲೆಯ ಮಾತು ಅವನಿಗೆ ನಾಟಿತ್ತು.

ಅವನ ಮನೆಯೊಳಗೆ ನಾನೂ ಹೋಗಿದ್ದೇನೆ. ಫ್ಯಾಕ್ಟರಿಯ ಕರಿಪುಡಿ ಕೂಸಿನ ಮೇಲೆ ಬೀಳಬಾರದೆಂದು ಅಡುಗೆಮನೆಯ ಕಿಟಕಿಗೂ ಮಾಳಿಗೆಯ ಬೆಳಕಿಂಡಿಗೂ ಅವನೇ ತಗಡು ಬಡಿದಿದ್ದ. ಊರವರಿಗೆ ಅದು ಸರಿ ಕಂಡು ಅವರೂ ಬಡಿದರು. ಮಳೆಗಾಲದ ಹಸಿ ಜಾಲಿಕಟ್ಟಿಗೆ ಸರಿಯಾಗಿ ಉರಿಯದೆ ಒಳಗೇ ಹೊಗೆಯಾಡುತ್ತದೆ, ಆ ಹೊಗೆಯೂ ಅದರೊಳಗಿನ ವಾಸನೆಯಿಲ್ಲದ ವಿಷವೂ ಎಲ್ಲಿಗೂ ಹೋಗುವಂತಿಲ್ಲ. ಗ್ಯಾಸಿನ ಸಿಲಿಂಡರು ಅವನ ಮನೆಯಲ್ಲಿ ಇಲ್ಲವೆಂದಲ್ಲ. ಅದಕ್ಕೆ ಕುಂಕುಮ ಹಚ್ಚಿ ಮೂಲೆಗೆ ಕೂರಿಸಿದ್ದರು, ಬೀಗರು ಬಂದಾಗ ಚಹಾಕ್ಕೆ. ಗ್ಯಾಸಿನ ಮೇಲೆ ಬೇಯಿಸಿದ ಜೋಳದ ರೊಟ್ಟಿ ರೊಟ್ಟಿಯೇ ಅಲ್ಲ, ಕಟ್ಟಿಗೆಯ ಉರಿಯಲ್ಲೇ ಬೇಯಬೇಕು ಎಂದು ಹಟ ಹಿಡಿದವನು ಅವನೇ. ಬೆಳಗ್ಗೆ ಬಿಸಿರೊಟ್ಟಿಗೆ ಅವನೂ ಒಲೆಯ ಮುಂದೆ ಕೂರುತ್ತಿದ್ದ, ಕೂಸೂ ಅಲ್ಲೇ ಕೂತು ಪಾಠ ಬರೆಯುತ್ತಿತ್ತು. ಅವನು ಎದ್ದು ಏಸಿಯ ಕೋಣೆಗೆ ಹೋಗುತ್ತಿದ್ದ, ಸಂಜೆಯ ಹೊತ್ತಿಗೆ ಅವನ ಉಸಿರು ಮೂರಕ್ಕೆ ಇಳಿಯುತ್ತಿತ್ತು. ಅವರು ಅಲ್ಲೇ ಉಳಿಯುತ್ತಿದ್ದರು.

ಕಳಕಮ್ಮನಿಗೂ ಅಷ್ಟು ಹೊತ್ತಿಗೆ ತಿಳಿಯಿತು. ಆಕೆ ದಡ್ಡಿಯಲ್ಲ. ಎದ್ದು ಗಂಡನ ಹತ್ತಿರ ಹೋದಳು. ಅಷ್ಟು ಜನರ ಮುಂದೆ ಗಟ್ಟಿಯಾಗಿ ಹೇಳಿದಳು:

"ನೀವು ಬಿಟ್ಟೀರಿ. ಆಣಿ ಮುರದಿಲ್ಲ. ನಂದ ತಪ್ಪಾತು, ನಾ ನಂಬಲಿಲ್ಲ."

ಆರು ವರ್ಷ ಕಾದ ಮಾತು. ಅದನ್ನು ಕೇಳಿ ಅವನು ಕುಣಿಯುತ್ತಾನೆ ಎಂದುಕೊಂಡೆ. ಅವನು ಮಳೆಯಲ್ಲೇ ಕುಕ್ಕರಿಸಿ, ಕೂಸನ್ನು ಎದೆಗೆ ಹಚ್ಚಿಕೊಂಡು ಅಳತೊಡಗಿದ.

"ನಾ ಬಿಟ್ಟ ಬೀಡೀನ ನಿಮ್ಮಿಬ್ಬರ ಬಾಯಾಗ ಇಟ್ನಲ್ಲೇ" ಅಂದ.

ಬೆಂಚಿನ ಮೇಲಿದ್ದ ಗಂಡಸರು ಒಬ್ಬೊಬ್ಬರೇ ಎದ್ದು ಹೋದರು. ಅವರ ಮನೆಗಳಲ್ಲೂ ತಗಡು ಬಡಿದ ಬೆಳಕಿಂಡಿಗಳಿದ್ದವು. ಕಾಳಪ್ಪ ಅರ್ಧ ಸೇದಿದ ಬೀಡಿಯನ್ನು ಏನು ಮಾಡಬೇಕೆಂದು ತಿಳಿಯದೆ ಬಹಳ ಹೊತ್ತು ಕೈಯಲ್ಲಿ ಹಿಡಿದು ನಿಂತಿದ್ದರು.

ಕಳಕಮ್ಮ ಯಲಬುರ್ಗಾಕ್ಕೆ ಹೋದಳು, ಪಂಚಮಿ ಬಿಡಲಿಕ್ಕೆ ಬರುತ್ತದೆಯೇ? ಹಬ್ಬ ಮುಗಿಸಿ ಕೂಸಿನೊಂದಿಗೆ ಮರಳಿ ಬಂದಳು. ಅಷ್ಟರಲ್ಲಿ ಯಮನೂರಪ್ಪ ಒಲೆ ಒಡೆದು, ಬೆಳಕಿಂಡಿಯ ತಗಡು ಕಿತ್ತಿದ್ದ. ಈಗ ಮೇಲಿನಿಂದ ಕರಿಪುಡಿ ಇಳಿಯುತ್ತದೆ, ಅದೂ ನಿಜ. ಆ ಪುಡಿ ಅಳೆಯಲು ಬೇರೆ ಯಂತ್ರ ಬೇಕಂತೆ, ಅದು ಬಂದ ದಿನದಿಂದ ರಿಪೇರಿಯಲ್ಲಿದೆ. ಗ್ಯಾಸು ಅಳೆಯುವ ಯಂತ್ರದ ಮುಂದೆ ಚಿಮಣಿ ದಿನಾ ಪಾಸಾಗುತ್ತದೆ. ಅಷ್ಟೆತ್ತರದ ಚಿಮಣಿ ಪಾಸು, ಮೂರು ಕಲ್ಲಿನ ಒಲೆ ಫೇಲು. ಇದಕ್ಕೆ ನಾನು ಯಾರನ್ನು ಬೈಯಬೇಕೋ ಇನ್ನೂ ತಿಳಿದಿಲ್ಲ. ತಿಳಿದ ದಿನ ಬಿಡುವುದಿಲ್ಲ. ಕೂಸಿನ ಕೆಮ್ಮು ಒಮ್ಮೆಲೇ ಹೋಗಲಿಲ್ಲ. ದಸರೆಯ ಹೊತ್ತಿಗೆ ರಾತ್ರಿ ಮಲಗುವಷ್ಟು ಇಳಿಯಿತು.

ಕಳಕಮ್ಮ ಮರಳಿ ಬಂದ ಸಂಜೆ ಗ್ಯಾಸಿನ ಮೇಲೆ ಮೊದಲ ರೊಟ್ಟಿ ಬೇಯಿಸಿದಳು. ನಾನೂ ಕಸ್ತೂರೆಮ್ಮನೂ ಅಲ್ಲೇ ಇದ್ದೆವು. ಯಮನೂರಪ್ಪ ಒಂದು ತುತ್ತು ಮುರಿದು, ಬದನೆಕಾಯಿ ಪಲ್ಲೆ ಹಚ್ಚಿ, ಬಾಯಿಗಿಟ್ಟ. ಅಗಿದ. ಇನ್ನೂ ಅಗಿದ. ಕಳಕಮ್ಮ ಅವನ ಮುಖವನ್ನೇ ನೋಡುತ್ತಿದ್ದಳು.

"ಭಾಳ ಛಲೋ ಆಗೇತಿ," ಅಂದ. "ಕಟ್ಟಿಗಿ ಒಲಿಗಿಂತ ಛಲೋ."

ನಾನು ಬಲ್ಲ ಹಾಗೆ ಆ ಮನುಷ್ಯ ಹೇಳಿದ ಮೊದಲ ಸುಳ್ಳು ಅದು. ಕಳಕಮ್ಮನಿಗೆ ಆ ಕ್ಷಣವೇ ಗೊತ್ತಾಯಿತು. ಇನ್ನೊಂದು ರೊಟ್ಟಿ ಅವನ ತಾಟಿಗೆ ಹಾಕಿದಳು.